ಹೆಸರಿನ ಮೇಲೆ ನಿಗಾ: ಗೂಗಲ್ ಅಲರ್ಟ್ಸ್ ಸಾಕೇ, ನಾವೇ ಹುಡುಕಬೇಕೇ?

ಕೆಲಸಕ್ಕೆ ಕರೆಯುವ ಮುನ್ನ, ಸಂಬಂಧ ಕುದುರಿಸುವ ಮುನ್ನ, ಮನೆ ಬಾಡಿಗೆಗೆ ಕೊಡುವ ಮುನ್ನ ಎದುರಿನವರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ನೋಡುವುದು ಈಗ ರೂಢಿಯಾಗಿರುವುದರಿಂದ, ಅಲ್ಲಿ ನಮ್ಮ ಬಗ್ಗೆ ಏನು ಕಾಣುತ್ತದೆ ಎಂಬುದು ಮೊದಲು ನಮಗೆ ಗೊತ್ತಿರಬೇಕು. ಇದಕ್ಕಾಗಿ ಗೂಗಲ್ ಅಲರ್ಟ್ಸ್, ನಾವೇ ಕುಳಿತು ಮಾಡುವ ಹುಡುಕಾಟ ಮತ್ತು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ಜಾಲತಾಣ, ಈ ಮೂರನ್ನೂ ಜೊತೆಜೊತೆಗೆ ಬಳಸಿ ನೋಡಿದ್ದೇನೆ.

2003ರಿಂದ ಇರುವ ಗೂಗಲ್ ಅಲರ್ಟ್ಸ್ ಉಚಿತವಾದದ್ದು. ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಕೊಟ್ಟಿಟ್ಟರೆ, ಆ ಹೆಸರಿರುವ ಹೊಸ ಪುಟ ಗೂಗಲ್‌ನ ಕಣ್ಣಿಗೆ ಬಿದ್ದಾಗ ಇಮೇಲ್ ಬರುತ್ತದೆ. ಆಯ್ದ ಫಲಿತಾಂಶಗಳು ಸಾಕೋ ಎಲ್ಲವೂ ಬೇಕೋ ಎಂಬ ಆಯ್ಕೆಯಲ್ಲಿ ಎರಡನೆಯದನ್ನೇ ಆರಿಸಬೇಕು, ಏಕೆಂದರೆ ಸಾಮಾನ್ಯರ ಹೆಸರು ಬರುವುದು ಹೆಚ್ಚಾಗಿ ಸಣ್ಣ ತಾಣಗಳಲ್ಲಿ. ಒಂದೇ ಹೆಸರಿನವರು ಹಲವರಿದ್ದರೆ ಊರನ್ನೋ ವೃತ್ತಿಯನ್ನೋ ಜೊತೆಗೆ ಸೇರಿಸಿದಾಗ ಅನಗತ್ಯ ಇಮೇಲ್‌ಗಳು ಗಣನೀಯವಾಗಿ ತಗ್ಗುತ್ತವೆ.

ಆದರೆ ಕನ್ನಡದಲ್ಲಿ ಬರೆದ ಹೆಸರಿನ ವಿಷಯದಲ್ಲಿ ಅಲರ್ಟ್ಸನ್ನು ನಾನು ನೆಚ್ಚುವುದಿಲ್ಲ. ‘ಶ್ರೀನಿವಾಸ’ ಎಂದು ಕೊಟ್ಟಿದ್ದರೆ ‘ಶ್ರೀನಿವಾಸ್’, ‘ಶ್ರೀನಿವಾಸನ’, ‘ಶ್ರೀನಿವಾಸರಿಗೆ’ ಎಂದಿರುವ ಬರಹಗಳು ತಪ್ಪಿಹೋಗಬಹುದು. ಇನಿಷಿಯಲ್ ಹೆಸರಿನ ಹಿಂದಿದೆಯೋ ಮುಂದಿದೆಯೋ ಎಂಬುದರಿಂದಲೂ ಫಲಿತಾಂಶ ಬದಲಾಗುತ್ತದೆ. ಇಂಗ್ಲಿಷಿನಲ್ಲಿಯೂ ಲಕ್ಷ್ಮಿಯನ್ನು ಕೆಲವರು ‘ಎಕ್ಸ್’ ಹಾಕಿ ಬರೆದರೆ ಕೆಲವರು ‘ಕೆಎಸ್‌ಎಚ್’ ಹಾಕಿ ಬರೆಯುತ್ತಾರೆ, ಹಾಗಾಗಿ ಪ್ರತಿ ರೂಪಕ್ಕೂ ಬೇರೆ ಅಲರ್ಟ್ ಬೇಕು. ಚಿತ್ರರೂಪದಲ್ಲಿರುವ ಇ-ಪೇಪರ್ ಪುಟಗಳಾಗಲಿ, ವಾಟ್ಸ್‌ಆ್ಯಪ್ ಗುಂಪುಗಳಾಗಲಿ ಇದರ ವ್ಯಾಪ್ತಿಗೆ ಬರುವುದಿಲ್ಲ.

ಸ್ವಂತ ಹುಡುಕಾಟ ಮೇಲೆನಿಸುವುದು ಇಲ್ಲಿಯೇ. ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ, ಲಾಗಿನ್ ಆಗದೆ, ಹೆಸರಿನ ಎಲ್ಲ ರೂಪಗಳನ್ನೂ ಗೂಗಲ್ ಮತ್ತು ಬಿಂಗ್ ಎರಡರಲ್ಲಿಯೂ ಹಾಕಿ ನೋಡಿದರೆ ಅಪರಿಚಿತರಿಗೆ ಕಾಣುವಂಥದ್ದೇ ಬಹುಮಟ್ಟಿಗೆ ನಮಗೂ ಕಾಣುತ್ತದೆ. ಚಿತ್ರಗಳ ವಿಭಾಗವನ್ನೂ ತಪ್ಪದೆ ತೆರೆಯಬೇಕು. ಇದಕ್ಕಿಂತ ಮುಖ್ಯವಾದ ಕಾರಣವೊಂದಿದೆ: ಅಲರ್ಟ್ಸ್ ತಿಳಿಸುವುದು ಹೊಸದಾಗಿ ಸೇರಿದ್ದನ್ನು, ಮಾನಕ್ಕೆ ಕುಂದು ತರುವುದಾದರೋ ಅನೇಕ ಸಲ ಹಳೆಯ ಪುಟ. 2017ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ತಂದೆಯೊಬ್ಬರು ಇಟ್ಟ ಬೇಡಿಕೆ ಇಂಥದ್ದೇ ಆಗಿತ್ತು. ಮುಗಿದುಹೋದ ಪ್ರಕರಣದ ಆದೇಶದಲ್ಲಿದ್ದ ಮಗಳ ಹೆಸರು ಅಂತರಜಾಲದ ಹುಡುಕಾಟದಲ್ಲಿ ಸಿಗಬಾರದೆಂದು ಅವರು ಕೋರಿದಾಗ, ಹಾಗೆ ಕಾಣದಂತೆ ನೋಡಿಕೊಳ್ಳಲು ನ್ಯಾಯಾಲಯ ತನ್ನ ಕಚೇರಿಗೆ (ರಿಜಿಸ್ಟ್ರಿಗೆ) ಸೂಚಿಸಿತು. ಅಂಥ ಪುಟವೊಂದು ಈಗಾಗಲೇ ಇದೆಯೆಂದು ಇಂದು ಹೊಸದಾಗಿ ಹಾಕಿದ ಅಲರ್ಟ್ ಯಾರಿಗೂ ಹೇಳುವುದಿಲ್ಲ.

ಸೈಬರ್ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದ ಕೆಲಸವೇ ಬೇರೆ. ನಮ್ಮ ಇಮೇಲ್ ವಿಳಾಸ ಯಾವ ಯಾವ ಮಾಹಿತಿ ಸೋರಿಕೆಗಳಲ್ಲಿದೆ ಎಂಬುದನ್ನು ಮುಖ್ಯವಾಗಿ ಅದು ತಿಳಿಸುತ್ತದೆ. ಕದ್ದ ಪಾಸ್‌ವರ್ಡಿನಿಂದ ನಮ್ಮ ಖಾತೆಗೆ ನುಗ್ಗಿ ನಮ್ಮ ಹೆಸರಿನಲ್ಲಿಯೇ ಬರೆಯುವವರಿರುವಾಗ ಇದೂ ಅಗತ್ಯವೇ, ಆದರೆ ಒಮ್ಮೆ ನೋಂದಾಯಿಸಿಕೊಂಡರೆ ಸಾಕು, ಮುಂದಿನ ಸೋರಿಕೆಯಾದಾಗ ತಾನೇ ತಿಳಿಸುತ್ತದೆ.

ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಸ್ವಂತ ಹುಡುಕಾಟವನ್ನೇ ಆರಿಸಿಕೊಳ್ಳುತ್ತೇನೆ, ಅದಕ್ಕೆ ಸಮಯ ಹೆಚ್ಚು ಬೇಕಾದರೂ. ಅಲರ್ಟ್ಸನ್ನು ಇಂಗ್ಲಿಷ್ ರೂಪಗಳಿಗೆ ಮಾತ್ರ, ವಾರಕ್ಕೊಮ್ಮೆ ಬರುವಂತೆ ಉಳಿಸಿಕೊಂಡಿದ್ದೇನೆ. ಆಕ್ಷೇಪಾರ್ಹವಾದುದು ಯಾವ ದಾರಿಯಿಂದ ಸಿಕ್ಕಿದರೂ, ತೆಗೆಯಿರೆಂದು ಬರೆಯುವ ಮೊದಲೇ ಪುಟದ ವಿಳಾಸವನ್ನೂ ದಿನಾಂಕ ಕಾಣುವ ಸ್ಕ್ರೀನ್‌ಶಾಟನ್ನೂ ತೆಗೆದಿಡುವುದು ಅವಶ್ಯ, ಏಕೆಂದರೆ ಪುಟ ಅಳಿದ ಮೇಲೆ ದೂರಿಗೆ ಆಧಾರವಾಗಿ ಉಳಿಯುವುದು ಅಷ್ಟೇ.