ಮುಟ್ಟಿನ ಕಪ್: ಸಿಲಿಕೋನ್‌ಗೆ ಪೂರ್ತಿ ಅಂಕ, ಉಳಿದದ್ದಕ್ಕೆ ಇಲ್ಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಕಾರವಾರದ ಕಡೆ ಮುಟ್ಟಿನ ಬಟ್ಟೆ ಒಣಗುವುದಿಲ್ಲ. ಬಿಸಿಲು ಬಿದ್ದ ಗಳಿಗೆಯಲ್ಲೂ ಅಂಗಳದ ತಂತಿಗೆ ಹಾಕುವಂತಿಲ್ಲ. ಲಂಗದಡಿಗೆ ಮುಚ್ಚಿ ಒಣಗಿಸಿದ ಹಸಿಬಟ್ಟೆ ತೊಡೆಸಂದಿಗೆ ಹುಳಕಡ್ಡಿ ತರುತ್ತದೆ. ಪ್ಯಾಡಾದರೆ ಎಸೆಯುವ ತಲೆಬಿಸಿ. ತೋಟದ ಮೂಲೆಯಲ್ಲಿ ಹೂಳಿದ್ದನ್ನು ನಾಯಿ ಎಳೆದು ತರುತ್ತದೆ, ಬಚ್ಚಲ ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಹೊಗೆ. ಈ ಎರಡು ಕಾಟಕ್ಕೂ ಕಪ್ ಒಳ್ಳೆಯ ಉತ್ತರ.

ವಸ್ತು ಸರಳ: ಮೆಡಿಕಲ್ ಗ್ರೇಡ್ ಸಿಲಿಕೋನ್‌ನ ಗಂಟೆಯಾಕಾರದ ಬಟ್ಟಲು, ಕೆಳಗೊಂದು ತೊಟ್ಟು. ಅಳತೆಗೆ ತಕ್ಕಂತೆ ಸುಮಾರು 20ರಿಂದ 30 ಮಿ.ಲೀ. ಹಿಡಿಯುತ್ತದೆ. ಹೆರಿಗೆಯಾಗದವರಿಗೆ ಸಾಮಾನ್ಯವಾಗಿ ಚಿಕ್ಕದು, ಆದವರಿಗೆ ದೊಡ್ಡದು. 12 ತಾಸಿಗಿಂತ ಹೆಚ್ಚು ಒಳಗಿಡಬಾರದು. ಶೌಚಾಲಯವಿಲ್ಲದ ಕಡೆ ಇಡೀ ದಿನ ಮೀನಿನ ಬುಟ್ಟಿಯ ಮುಂದೆ ಕೂರುವವರಿಗೆ, ಮಳೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವರಿಗೆ ಈ 12 ತಾಸು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಹಾಕುವಾಗ ಕೈ ತೊಳೆದು, ಕಪ್ಪನ್ನು ನೀರಲ್ಲಿ ಅದ್ದಿ, ಅಂಚಿನ ಒಂದು ಬದಿಯನ್ನು ಬೆರಳಿನಿಂದ ಒಳಕ್ಕೆ ಒತ್ತಿ ಮಡಚಿ. ತುದಿ ಸಣ್ಣದಾಗುತ್ತದೆ, ಹೊಸಬರಿಗೆ ಸಲೀಸು. ಕುಕ್ಕರುಗಾಲಲ್ಲಿ ಕೂತು ಬೆನ್ನಿನ ಕೆಳತುದಿಯ ಕಡೆಗೆ ದೂಡಿ. ನೆಟ್ಟಗೆ ಮೇಲಕ್ಕೆ ದೂಡಿದರೆ ನೋವು, ಸಿಟ್ಟು, ಕಪ್ ಕಪಾಟಿನ ಪಾಲು. ಒಳಗೆ ಹೋದ ಮೇಲೆ ಬುಡದ ಸುತ್ತ ಬೆರಳಾಡಿಸಿ. ತಗ್ಗು ಸಿಕ್ಕಿದರೆ ಪೂರ್ತಿ ಬಿಚ್ಚಿಲ್ಲ, ಸೋರುತ್ತದೆ, ಸ್ವಲ್ಪ ತಿರುಗಿಸಿ. ತೆಗೆಯುವಾಗ ತೊಟ್ಟು ಜಗ್ಗಬೇಡಿ. ಬುಡ ಚಿವುಟಿ ಗಾಳಿ ಬಿಟ್ಟುಕೊಂಡ ಮೇಲೇ ಇಳಿಸಿ. ಇಲ್ಲಿಯವರ ಕೈ ಮೊದಲು ಹೋಗುವುದು ತೆಂಗಿನೆಣ್ಣೆಗೆ. ಬೇಡ, ಜಿಡ್ಡು ಬಿಡುವುದಿಲ್ಲ, ನೀರೇ ಸಾಕು. ಕೈ ಪಳಗಲು ಎರಡು ಮೂರು ತಿಂಗಳು ಬೇಕು, ಮೊದಲ ಸಲವೇ ಬೈದು ಬಿಸಾಡಬೇಡಿ. ಕಾಪರ್‌ಟಿ ಇದ್ದವರು, ಗರ್ಭಕೋಶ ಜಾರಿದವರು, ಹೆರಿಗೆಯಾಗಿ ಆರು ವಾರ ತುಂಬದವರು ಮೊದಲು ವೈದ್ಯರನ್ನು ಕೇಳಲಿ. ಕಪ್ ಇದ್ದಾಗ ಜ್ವರ, ಮೈಮೇಲೆ ಕೆಂಪು ಗಂದೆ, ತಲೆಸುತ್ತು ಬಂದರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೋಗಿ. ಅದು ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಕಾಯಿಲೆಯ ಗುರುತಿರಬಹುದು. ತೀರ ಅಪರೂಪ, ಆದರೆ ಅಪಾಯದ್ದು.

ಕಪ್ ಕೂರಬೇಕಾದರೆ ಹೆಣ್ಣು ತನ್ನ ಮೈಯನ್ನು ತಾನೇ ಮುಟ್ಟಿ ತಿಳಿಯಬೇಕು. ತೊಡಕು ಇಲ್ಲೇ. ನಮ್ಮ ಮನೆಗಳಲ್ಲಿ ಆ ಜಾಗಕ್ಕಿರುವ ಹೆಸರು 'ಕೆಳಗೆ', ಅಷ್ಟೇ. ಮೂತ್ರದ ದಾರಿ ಬೇರೆ, ಮುಟ್ಟಿನ ದಾರಿ ಬೇರೆ ಎಂದು ಗೊತ್ತಿಲ್ಲದೆ ಮೂರು ಮಕ್ಕಳನ್ನು ಹೆತ್ತವರಿದ್ದಾರೆ. ಹಾಗಾಗಿಯೇ 'ಉಚ್ಚೆ ಹೊಯ್ಯಲು ತೆಗೆಯಬೇಕಾ', 'ಹೊಟ್ಟೆಯೊಳಗೆ ಹೋಗಿಬಿಟ್ಟರೆ' ಎಂಬ ಪ್ರಶ್ನೆಗಳು. ತೆಗೆಯುವುದು ಬೇಡ. ಹೊಟ್ಟೆಗೂ ಹೋಗುವುದಿಲ್ಲ, ಗರ್ಭಕೋಶದ ಕೊರಳು ದಾಟಿ ಹೋಗುವಷ್ಟು ದಾರಿಯಿಲ್ಲ.

ಮದುವೆಯಾಗದ ಹುಡುಗಿಗೆ ಕೊಡಿಸಲು ತಾಯಂದಿರು ಹಿಂಜರಿಯುವುದು ಕನ್ಯಾಪೊರೆಯ ಹೆದರಿಕೆಗೆ. ಆ ಹೆಸರೇ ತೀರ್ಪು ಕೊಟ್ಟು ಕೂತಿದೆ. ಅದು ಮುಚ್ಚಳವಲ್ಲ, ಮುಚ್ಚಳವಾಗಿದ್ದರೆ ಮುಟ್ಟಿನ ರಕ್ತ ಹೊರಬರುವುದೆಲ್ಲಿಂದ? ತೂತಿರುವ, ಹಿಗ್ಗುವ ಅಂಚು ಅದು, ಒಬ್ಬೊಬ್ಬರಲ್ಲಿ ಒಂದೊಂದು ತೆರ. ಕಪ್ಪಿನಿಂದ ಹಿಗ್ಗಬಹುದು, ಚೂರು ಹರಿಯಲೂಬಹುದು. ಅದರಿಂದ ಕನ್ಯತ್ವ ಹೋಗುವುದಿಲ್ಲ, ಪೊರೆ ನೋಡಿ ಕನ್ಯತ್ವ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ಅತ್ಯಾಚಾರಕ್ಕೊಳಗಾದವರ ಒಳಗೆ ಬೆರಳು ಹಾಕಿ ನೋಡುವ 'ಎರಡು ಬೆರಳಿನ ಪರೀಕ್ಷೆ'ಗೆ ವೈಜ್ಞಾನಿಕ ಆಧಾರವಿಲ್ಲ, ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅಷ್ಟಾಗಿಯೂ 'ಗಂಡನಾಗುವವನಿಗೆ ಏನು ಹೇಳುವುದು' ಎಂಬ ಮಾತು ನಿಂತಿಲ್ಲ. ಮೈ ಅವಳದು, ಲೆಕ್ಕ ಇನ್ನೂ ಮದುವೆಯೇ ಗೊತ್ತಾಗದವನದು!

ಇನ್ನು ಕುದಿಸುವ ಪಂಚಾಯ್ತಿ. ಮುಟ್ಟಿನ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಐದು ನಿಮಿಷ. ನಡುವಿನ ದಿನಗಳಲ್ಲಿ ಶುದ್ಧ ನೀರಿನಲ್ಲಿ ತೊಳೆದರೆ ಸಾಕು. ಆದರೆ ಮಡಿ ಪಾಲಿಸುವ ಮನೆಯಲ್ಲಿ ಹೊರಗಾದವಳಿಗೆ ಒಲೆ ಇಲ್ಲ, ನಾಲ್ಕನೇ ದಿನ ಮಿಂದು ಒಳಗೆ ಬಂದರೂ ಇಂಥದ್ದನ್ನು ಅಡುಗೆ ಒಲೆಯ ಮೇಲಿಡಲು ಅತ್ತೆಯ ಮುಖ ನೋಡಬೇಕು. ಅಲ್ಲದೆ ಮೈಗೆ ನಾಲ್ಕೇ ದಿನದ ಪಂಚಾಂಗವಿಲ್ಲ, ಹಲವರಿಗೆ ಆರನೇ ದಿನವೂ ಹೋಗುತ್ತದೆ. ಬಚ್ಚಲ ಒಲೆ ಇದ್ದವರು ಪುಣ್ಯವಂತರು: ಹಂಡೆ ಇಳಿಸಿ, ಅದಕ್ಕೇ ಎಂದು ಇಟ್ಟ ಚಿಕ್ಕ ಸ್ಟೀಲ್ ಪಾತ್ರೆಯಲ್ಲಿ ಕಪ್ ಮುಳುಗುವಷ್ಟು ನೀರು ಹಾಕಿ. ಸೌದೆ ಉರಿ ಜೋರು, ನೀರು ಆರಿ ಕಪ್ ತಳಕ್ಕೆ ಹತ್ತಿದರೆ ಸುಟ್ಟು ವಿಕಾರವಾಗುತ್ತದೆ. ಪಕ್ಕದಲ್ಲೇ ನಿಲ್ಲಿ.

ರಾಜ್ಯ ಸರಕಾರ 'ಮೈತ್ರಿ' ಕಪ್ ಯೋಜನೆಯನ್ನು ಪ್ರಾಯೋಗಿಕವಾಗಿ ತಂದದ್ದು ದಕ್ಷಿಣ ಕನ್ನಡ, ಚಾಮರಾಜನಗರಗಳಿಗೆ. ನಮ್ಮ ಉತ್ತರ ಕನ್ನಡದ ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲಿ ಪ್ಯಾಡನ್ನೇ ಕಾಗದ ಸುತ್ತಿ ಕೊಡುತ್ತಾರೆ, ಕಪ್ ಕೇಳುವುದು ದೂರದ ಮಾತು, ಆನ್‌ಲೈನ್ ತರಿಸಬೇಕು. ಪೂಜೆಗೆಂದು ಮುಟ್ಟು ಮುಂದೂಡುವ ಮಾತ್ರೆ ಕೇಳಲು ಮಾತ್ರ ಯಾರಿಗೂ ನಾಚಿಕೆಯಿಲ್ಲ. ಅದು ಹಾರ್ಮೋನು, ವೈದ್ಯರ ಚೀಟಿ ಬೇಕಾದದ್ದು.

ಕೊನೆಯದಾಗಿ, ಇಡುವ ಜಾಗ. ಯಾರ ಕಣ್ಣಿಗೂ ಬೀಳಬಾರದೆಂದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಟ್ರಂಕಿನಡಿಗೆ ತಳ್ಳಿದರೆ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಚೆನ್ನಾಗಿ ಆರಿಸಿ, ಹತ್ತಿ ಬಟ್ಟೆಯ ಚೀಲಕ್ಕೆ ಹಾಕಿ, ಕನ್ನಡಿ ಪಕ್ಕದ ಮೊಳೆಗೆ ತೂಗುಹಾಕಿ.