ವೇದಿಕೆಯ ಮಾತು, ಮೇಜಿನ ವ್ಯಾಪಾರ: ವಿರಾಜಪೇಟೆಯಲ್ಲಿ ನಡೆದ ಆರೋಗ್ಯ ಸಂವಾದದ ವಿಮರ್ಶೆ

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ಮುಗಿದ ಮರುವಾರದ ಭಾನುವಾರ ಕೊಡಗಿನ ವಿರಾಜಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಹೊರ ಜಿಲ್ಲೆಯ ಖಾಸಗಿ ಆಸ್ಪತ್ರೆಯೊಂದು ತಜ್ಞ ವೈದ್ಯರ ಸಂವಾದವನ್ನೂ ಆರೋಗ್ಯ ತಪಾಸಣೆಯನ್ನೂ ಒಟ್ಟಿಗೆ ಏರ್ಪಡಿಸಿತ್ತು. ತಲಾ 150 ರೂಪಾಯಿ ಶುಲ್ಕ. ಅದರಲ್ಲಿಯೇ ಎರಡು ಹೊತ್ತಿನ ಕಾಫಿ, ಮಧ್ಯಾಹ್ನದ ಊಟ, ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಸೇರಿದ್ದವು. ನಾನೂ ನನ್ನ ಪತ್ನಿಯೂ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ಸಂಜೆ ನಾಲ್ಕರವರೆಗೆ ಕುಳಿತಿದ್ದೆವು. ಇಂತಹ ಕಾರ್ಯಕ್ರಮಗಳು ನಮ್ಮ ಜಿಲ್ಲೆಯಲ್ಲಿ ಈಗ ಹೆಚ್ಚುತ್ತಿರುವುದರಿಂದ, ಕೊಟ್ಟ ಹಣಕ್ಕೆ ಮತ್ತು ಕಳೆದ ಒಂದು ದಿನಕ್ಕೆ ಏನು ದಕ್ಕಿತು ಎಂಬುದನ್ನು ಬರೆದಿಡುವುದು ಉಚಿತವೆನಿಸಿತು. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲ ಗೋಷ್ಠಿ ಹೃದಯಾಘಾತದ ಕುರಿತಾದದ್ದು. ಇಡೀ ದಿನದಲ್ಲಿ ಅತ್ಯುತ್ತಮವಾದದ್ದೂ ಅದೇ. ಮಾತನಾಡಿದ ಹೃದ್ರೋಗ ತಜ್ಞರು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ತುಂಬಿಕೊಂಡು ಬಂದಿದ್ದರೂ ಎರಡನೆಯ ಚಿತ್ರಕ್ಕೇ ಅದನ್ನು ನಿಲ್ಲಿಸಿ, ಸಭೆಯ ಕಡೆಗೆ ತಿರುಗಿ, ನಿಮ್ಮ ಮನೆಯಿಂದ ಮೈಸೂರಿಗೆ ಎಷ್ಟು ಹೊತ್ತು ಎಂದು ಕೇಳಿದರು. ಮುಂದಿನ ಸಾಲಿನಲ್ಲಿದ್ದ ಕುಟ್ಟದ ಹಿರಿಯರೊಬ್ಬರು, ಮಳೆಗಾಲದಲ್ಲಿಯೇ ಬೇಸಿಗೆಯಲ್ಲಿಯೇ ಎಂದು ಮರುಪ್ರಶ್ನೆ ಹಾಕಿದಾಗ ಸಭೆ ನಕ್ಕಿತು, ವೈದ್ಯರು ಮಾತ್ರ ನಗಲಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ಇರುವುದೇ ಆ ಪ್ರಶ್ನೆಯ ಮೇಲೆ ಎಂದು ಅವರು ವಿವರಿಸಿದರು. ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡಾಗ ಅದನ್ನು ಆಂಜಿಯೋಪ್ಲಾಸ್ಟಿಯಿಂದ ತೆರೆಯುವುದು ಅತ್ಯುತ್ತಮ ಚಿಕಿತ್ಸೆಯೇ ಹೌದು. ಆದರೆ ರೋಗ ಖಚಿತವಾದ 120 ನಿಮಿಷಗಳೊಳಗೆ ಅದು ಆಗುವಂತಿದ್ದರೆ ಮಾತ್ರ. ಆಗದಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಕೂಡಲೇ ಕೊಟ್ಟು, ಅನಂತರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ವಿರಾಜಪೇಟೆಯಿಂದ ಮೈಸೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ತಿತಿಮತಿ ದಾಟಿ ಆನೆಚೌಕೂರಿನ ಕಾಡಿನಲ್ಲಿ ಆನೆಯೊಂದು ರಸ್ತೆಗಿಳಿದರೆ ಆಂಬ್ಯುಲೆನ್ಸ್ ಆದರೂ ನಿಲ್ಲಲೇಬೇಕು. ಹೀಗಿರುವಾಗ ಎದೆನೋವು ಬಂದ ಕೂಡಲೇ ಕಾರು ಹತ್ತಿಸಿ ನೇರವಾಗಿ ಮೈಸೂರಿಗೆ ಹೊರಡುವ ನಮ್ಮ ಊರಿನ ವಾಡಿಕೆ, ಹಣವುಳ್ಳವರ ವಾಡಿಕೆ, ಪ್ರಾಣಕ್ಕೆ ಎರವಾಗಬಲ್ಲದು. ಇದನ್ನು ನಾನು ಮೊದಲ ಬಾರಿಗೆ ಕೇಳಿದೆ, ಕೇಳಿ ಸ್ವಲ್ಪ ಬೆವರಿದೆ, ಏಕೆಂದರೆ ನಮ್ಮ ಕುಟುಂಬದಲ್ಲಿಯೂ ಹೀಗೆ ಹೊರಟ ಒಂದು ಕಾರು ಹುಣಸೂರು ದಾಟಿರಲಿಲ್ಲ.

ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳುಹಿಸಿ, ಟೆನೆಕ್ಟಿಪ್ಲೇಸ್ ಎಂಬ ಈ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇರುವುದನ್ನು, ಖಾಸಗಿ ಆಸ್ಪತ್ರೆಯ ವೈದ್ಯರಾಗಿಯೂ ಅವರು ಮುಚ್ಚಿಡದೆ ಹೇಳಿದರು. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುತ್ತಾರೆಯೇ, ಚುಚ್ಚುಮದ್ದು ದಾಸ್ತಾನಿದೆಯೇ ಎಂಬುದನ್ನು ಎದೆ ನೋಯದ ದಿನವೇ ಹೋಗಿ ಕೇಳಿಕೊಂಡು ಬನ್ನಿ ಎಂಬ ಅವರ ಒಂದು ಸಲಹೆಗೇ 150 ರೂಪಾಯಿ ಸಂದಾಯವಾಯಿತೆಂದು ನನ್ನ ಲೆಕ್ಕ. ಗ್ಯಾಸ್ ಎಂದು ತಿಳಿದು ಶುಂಠಿ ಕಷಾಯ ಕುಡಿದು ಮಲಗುವವರ ಬಗ್ಗೆಯೂ ಅವರು ಹೇಳಿದರು. ಅದು ಎಲ್ಲರಿಗೂ ಗೊತ್ತಿರುವ, ಯಾರೂ ಪಾಲಿಸದ ಮಾತು.

ಎರಡನೆಯ ಗೋಷ್ಠಿಯಲ್ಲಿ ಹಾವು ಕಡಿತದ ಚಿಕಿತ್ಸೆಯನ್ನು ಚರ್ಚಿಸಿದರು. ಕಾಫಿ ಕೊಯ್ಲಿಗೆ ಎರಡು ತಿಂಗಳಷ್ಟೇ ಬಾಕಿಯಿರುವಾಗ ಈ ವಿಷಯವನ್ನು ಆರಿಸಿಕೊಂಡದ್ದು ಸಂಘಟಕರ ವಿವೇಕ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸರ್ಕಾರ ಘೋಷಿಸಿದೆ. ಆದ್ದರಿಂದ ಖಾಸಗಿ ಆಸ್ಪತ್ರೆಗಳೂ ಇದನ್ನು ಲೆಕ್ಕಕ್ಕೆ ಕೊಡಬೇಕು. ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಉರಿಮಂಡಲ ಎಂಬ ನಾಲ್ಕರ ವಿಷಕ್ಕಷ್ಟೇ ಮದ್ದು. ಪಶ್ಚಿಮ ಘಟ್ಟದ ತೋಟಗಳಲ್ಲಿ ತರಗೆಲೆಯ ನಡುವೆ ಕಾಣದಂತೆ ಬಿದ್ದಿರುವ, ಮೂತಿ ಮೇಲಕ್ಕೆ ಚಾಚಿದ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿದರೆ ಆ ಪ್ರತಿವಿಷದಿಂದ ಪ್ರಯೋಜನವಿಲ್ಲ. ಊತ, ರಕ್ತ ಹೆಪ್ಪುಗಟ್ಟದಿರುವಿಕೆ, ಕೆಲವೊಮ್ಮೆ ಮೂತ್ರಪಿಂಡದ ತೊಂದರೆ ಇವುಗಳಿಗೆ ಬೇರೆಯೇ ಆರೈಕೆ ಬೇಕು. ಈ ಹಾವಿನ ಚಿತ್ರವನ್ನು ತೋರಿಸಿದಾಗ ಹಿಂದಿನ ಸಾಲಿನಲ್ಲಿದ್ದ ಇಬ್ಬರು ರೈಟರುಗಳು, ಅಂದರೆ ತೋಟದ ಕೆಲಸದ ಉಸ್ತುವಾರಿ ನೋಡುವವರು, ಎದ್ದು ನಿಂತು ನೋಡಿದ್ದನ್ನು ಗಮನಿಸಿದೆ. ಅವರ ಕಣ್ಣಿಗೆ ಅದು ಪರಿಚಿತವಾಗಿತ್ತು.

ಕಚ್ಚಿದ ಹಾವನ್ನು ಹೊಡೆದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬರುವುದು ಬೇಡವೆಂದೂ, ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಾಕೆಂದೂ, ಅದೂ ಆಗದಿದ್ದರೆ ಚಿಂತೆಯಿಲ್ಲವೆಂದೂ ವೈದ್ಯೆ ಹೇಳಿದರು. ಚಿಕಿತ್ಸೆ ನಿರ್ಧಾರವಾಗುವುದು ರೋಗಿಯ ಲಕ್ಷಣಗಳಿಂದ. ಸ್ವಲ್ಪ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಬಳಿಕ ಓರೆ ಮಾಡಿದಾಗ ಹರಿದರೆ ಮಂಡಲದ ಜಾತಿಯ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಯಾವ ಯಂತ್ರವೂ ಬೇಡದ ಈ ಪರೀಕ್ಷೆಯನ್ನು ಅವರು ವೇದಿಕೆಯ ಮೇಲೆ ಬಣ್ಣದ ನೀರಿನಲ್ಲಿ ಮಾಡಿ ತೋರಿಸಿದ್ದು ಚೆನ್ನಾಗಿತ್ತು. ಮಕ್ಕಳಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು, ಏಕೆಂದರೆ ಹಾವು ಮಗುವೆಂದು ವಿಷವನ್ನು ಕಡಿಮೆ ಮಾಡುವುದಿಲ್ಲ ಎಂಬುದೂ ಅವರ ಮಾತೇ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದಿನವರ ಮನೆಗೆ ಮೊದಲು ಹೋಗುವುದು ಇವನ್ನು ಬಿಟ್ಟು, ಕಚ್ಚಿದ ಕೈಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಹಲಗೆಯಿಟ್ಟು ಅಲುಗಾಡದಂತೆ ಮಾಡಿ ಸಾಗಿಸಬೇಕು. ತೋಟದ ಮಾಲೀಕರಿಗೆ ಅವರು ಕೊಟ್ಟ ಪಟ್ಟಿಯಲ್ಲಿ ಗಂಬೂಟು ಮೊದಲಿತ್ತು. ನಮ್ಮಲ್ಲಿ ಎಷ್ಟು ತೋಟಗಳಲ್ಲಿ ಕೆಲಸದವರಿಗೆ ಗಂಬೂಟು ಕೊಟ್ಟಿದ್ದಾರೆ ಎಂದು ಯಾರೂ ಕೇಳಲಿಲ್ಲ. ಸಭೆಯಲ್ಲಿ ಇದ್ದವರಲ್ಲಿ ಹೆಚ್ಚಿನವರು ಕೊಡಬೇಕಾದವರೇ ಆಗಿದ್ದರು, ನನ್ನನ್ನೂ ಸೇರಿಸಿ.

ಊಟದ ಬಗ್ಗೆ ಎರಡು ಮಾತು. ನೂಲ್‌ಪುಟ್ಟು, ಅನ್ನ, ಕೋಳಿ ಸಾರು, ಪಂದಿ ಕರಿ, ಸಸ್ಯಾಹಾರಿಗಳಿಗೆ ಬೈಂಬಳೆ (ಬಿದಿರಿನ ಕಳಲೆ) ಪಲ್ಯ ಇದ್ದವು. ಪಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿ, ಹದವಾಗಿತ್ತು. ದಿನಕ್ಕೆ ಒಂದು ಟೀ ಚಮಚಕ್ಕಿಂತ, ಅಂದರೆ 5 ಗ್ರಾಂಗಿಂತ, ಕಡಿಮೆ ಉಪ್ಪು ತಿನ್ನಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಭಿತ್ತಿಪತ್ರವನ್ನು ಉಪ್ಪಿನಕಾಯಿ ಬಡಿಸುವ ಮೇಜಿನ ನೇರ ಮೇಲೆಯೇ ಅಂಟಿಸಿದ್ದವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು.

ಮಧ್ಯಾಹ್ನದ ಮೊದಲ ಗೋಷ್ಠಿ ರಕ್ತದೊತ್ತಡದ್ದು. ಯಾವ ಸಂಖ್ಯೆಯನ್ನು ಅಧಿಕ ರಕ್ತದೊತ್ತಡ ಎನ್ನಬೇಕೆಂಬುದರಲ್ಲಿ ದೇಶದಿಂದ ದೇಶಕ್ಕೆ ಮಾರ್ಗಸೂಚಿ ಭಿನ್ನವಾಗಿರುವುದನ್ನು ಉಪನ್ಯಾಸ ಕೊಟ್ಟ ವೈದ್ಯರು ಸಾವಧಾನವಾಗಿ ಬಿಡಿಸಿ ಹೇಳಿದರು. ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರಲ್ಲಿ ಆ ಗಡಿಯನ್ನು 130/80ಕ್ಕೆ ಇಳಿಸಿದವು. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ 140/90 ಎಂಬ ಗಡಿಯೇ ಇದೆ. ಯಾವ ಗಡಿಯನ್ನು ಒಪ್ಪಿದರೂ ಅಳೆಯುವ ಕ್ರಮ ಒಂದೇ: ಐದು ನಿಮಿಷ ಮಾತಿಲ್ಲದೆ ಕುಳಿತಿರಬೇಕು, ಬೆನ್ನಿಗೆ ಆಸರೆಯಿರಬೇಕು, ಪಾದಗಳು ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿ ತೋಳಿನ ಗಾತ್ರಕ್ಕೆ ಸರಿಹೊಂದಬೇಕು, ಅಳೆಯುವುದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ ಕುಡಿದಿರಬಾರದು, ಕನಿಷ್ಠ ಎರಡು ಬಾರಿ ಅಳೆಯಬೇಕು. ಕೊಡಗಿನಲ್ಲಿ ಅರ್ಧ ಗಂಟೆ ಕಾಫಿಯಿಲ್ಲದೆ ಕೂರುವವರು ಯಾರು ಎಂದು ಪಕ್ಕದವರು ಗೊಣಗಿದರು. ಒಂದೇ ಒಂದು ಅಳತೆಯನ್ನು ನಂಬಿ ಯಾರನ್ನೂ ರೋಗಿಯೆಂದು ಕರೆಯಬಾರದು ಎಂಬುದು ಆ ಉಪನ್ಯಾಸದ ಸಾರವಾಗಿತ್ತು.

ಈ ಕಾರ್ಯಕ್ರಮ ಎಡವಿದ್ದು ಇಲ್ಲಿಂದ ಹತ್ತು ಮಾರು ದೂರದಲ್ಲಿ. ಗೋಷ್ಠಿ ಮುಗಿದು ಕಾಫಿ ಕೊಟ್ಟರು. ಕಾಫಿ ಲೋಟ ಕೆಳಗಿಟ್ಟ ಕೂಡಲೇ ತಪಾಸಣೆಯ ಸಾಲಿಗೆ ಕರೆದರು. ಇಪ್ಪತ್ತು ನಿಮಿಷ ನಿಂತು ಕಾದ ಬಳಿಕ ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂರಿಸಿ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಹೆಸರು, ವಯಸ್ಸು, ಮೊಬೈಲ್ ಸಂಖ್ಯೆಯನ್ನು ಕೇಳುತ್ತಲೇ ಯುವಕನೊಬ್ಬ ನನ್ನ ರಕ್ತದೊತ್ತಡವನ್ನು ಅಳೆದ. ಬಂದದ್ದು 168/96. ಮತ್ತೊಮ್ಮೆ ಅಳೆಯಲು ಕೇಳಿದಾಗ, ಸಾಲು ದೊಡ್ಡದಿದೆ ಅಂಕಲ್ ಎಂಬ ಉತ್ತರ ಬಂತು. ಮುಂದಿನ ಮೇಜಿನಲ್ಲಿದ್ದವರು ನನ್ನ ಚೀಟಿಯ ಮೇಲೆ ಕೆಂಪು ಮುದ್ರೆಯೊತ್ತಿ, ಅದೇ ದಿನ ಹೆಸರು ನೋಂದಾಯಿಸಿದರೆ 7,500 ರೂಪಾಯಿಯ ಹೃದಯ ತಪಾಸಣೆ ಪ್ಯಾಕೇಜು 4,999ಕ್ಕೆ ಸಿಗುವುದೆಂದರು. ಅರ್ಧ ಗಂಟೆಯ ಹಿಂದೆ ವೇದಿಕೆಯಿಂದ ಹೇಳಿದ ಪ್ರತಿಯೊಂದು ನಿಯಮವನ್ನೂ ಅದೇ ಆಸ್ಪತ್ರೆಯ ಸಿಬ್ಬಂದಿ ಒಂದೊಂದಾಗಿ ಮುರಿದಿದ್ದರು. ನನ್ನ ಮುಂದಿದ್ದ ಅಜ್ಜಿಯೊಬ್ಬರು ಕೆಂಪು ಮುದ್ರೆಯನ್ನು ಕಂಡು ಹೆದರಿ, ಸೆರಗಿನ ಗಂಟು ಬಿಚ್ಚಿ 500 ರೂಪಾಯಿ ಮುಂಗಡ ಕೊಟ್ಟದ್ದನ್ನು ನೋಡಿದೆ. ತಡೆಯಬೇಕಿತ್ತು; ತಡೆಯಲಿಲ್ಲ. ಅದು ನನ್ನ ತಪ್ಪು.

ಮನೆಗೆ ಬಂದು ಉಪನ್ಯಾಸದಲ್ಲಿ ಹೇಳಿದ ಕ್ರಮದಂತೆಯೇ ಏಳು ದಿನ ಬೆಳಿಗ್ಗೆ ಮತ್ತು ಸಂಜೆ ಅಳೆದು ಬರೆದಿಟ್ಟೆ. ಸರಾಸರಿ 136/84. ಆ ಚೀಟಿಯನ್ನೂ ಈ ಪಟ್ಟಿಯನ್ನೂ ಒಟ್ಟಿಗೆ ನೋಡಿದ ನಮ್ಮ ಊರಿನ ವೈದ್ಯರು, ಉಪ್ಪು ಕಡಿಮೆ ಮಾಡಿ ಮೂರು ತಿಂಗಳು ಬಿಟ್ಟು ಬನ್ನಿ ಎಂದಷ್ಟೇ ಹೇಳಿದರು. ಹೀಗಾಗಿ ರೋಗವಿಲ್ಲವೆಂದು ಬೀಗುವಂತೆಯೂ ಇಲ್ಲ. ಆದರೆ 168ಕ್ಕೂ 136ಕ್ಕೂ ನಡುವಿನ ಅಂತರದಲ್ಲಿ ಎಷ್ಟು ಪ್ಯಾಕೇಜುಗಳು ಮಾರಾಟವಾದವೋ ಎಂಬ ಪ್ರಶ್ನೆ ಉಳಿಯಿತು.

ಡೆಂಗಿ ಮತ್ತು ಇಲಿ ಜ್ವರದ ಗೋಷ್ಠಿಯನ್ನು ಇಪ್ಪತ್ತು ನಿಮಿಷದಲ್ಲಿ ಓಡಿಸಿದರು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಇಳಿದ ಮಾತ್ರಕ್ಕೆ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ, ಜ್ವರ ಇಳಿಯುವ ಹೊತ್ತಿನಲ್ಲಿಯೇ ಹೊಟ್ಟೆನೋವು, ವಾಂತಿ, ಸುಸ್ತು ಕಂಡರೆ ಎಚ್ಚರ ಬೇಕು, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ನುಂಗಬಾರದು ಎಂಬಷ್ಟು ಕಿವಿಗೆ ಬಿತ್ತು. ಗದ್ದೆಯ ಕೆಸರಿನಲ್ಲಿ ಕಾಲಿನ ಗಾಯದೊಡನೆ ನಿಲ್ಲುವ ಜಿಲ್ಲೆಯಲ್ಲಿ ಇಲಿ ಜ್ವರಕ್ಕೆ ಇನ್ನಷ್ಟು ಹೊತ್ತು ಕೊಡಬಹುದಿತ್ತು.

ಕೊನೆಯದು ಸಿಕಲ್ ಸೆಲ್ ರಕ್ತಹೀನತೆಯ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ರೋಗದ ಗೋಷ್ಠಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ಈ ರೋಗವನ್ನು ನಿರ್ಮೂಲನೆ ಮಾಡುವ ಗುರಿಯಿಟ್ಟುಕೊಂಡು, ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರ ರಕ್ತ ಪರೀಕ್ಷೆ ನಡೆಸುತ್ತಿದೆ. ತಂದೆ ತಾಯಿ ಇಬ್ಬರೂ ರೋಗದ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕರಾಗಿರುವುದೇ ರೋಗವಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ಎಲುಬು ಸೀಳುವಂತಹ ನೋವಿನ ಸರದಿಗಳು ಕಡಿಮೆಯಾಗುತ್ತವೆ. ಚಳಿ, ನೀರಡಿಕೆ, ಅತಿಯಾದ ಮೈಮುರಿತದ ಕೆಲಸ ಇವು ನೋವನ್ನು ಕೆರಳಿಸುತ್ತವೆ ಎಂದು ತಜ್ಞರು ಹೇಳುತ್ತಿದ್ದಾಗ, ಜನವರಿಯ ಮಂಜಿನಲ್ಲಿ ಬೆಳಿಗ್ಗೆ ಎಂಟಕ್ಕೆ ಕೊಯ್ಲಿಗೆ ಬರುವವರ ಮುಖಗಳು ಕಣ್ಣ ಮುಂದೆ ಬಂದವು. ಸೋಮಾರಿ ಎಂದು ಮೇಸ್ತ್ರಿಯಿಂದ ಬೈಸಿಕೊಂಡವರಲ್ಲಿ ಎಷ್ಟು ಮಂದಿಗೆ ನಿಜವಾಗಿಯೂ ಎಲುಬು ನೋಯುತ್ತಿತ್ತೋ.

ವಿಷಯವನ್ನು ಇಷ್ಟು ಚೆನ್ನಾಗಿ ಮಂಡಿಸಿದ ಗೋಷ್ಠಿಯಲ್ಲಿ, ನಾನು ಕಂಡಂತೆ, ನಮ್ಮ ಜಿಲ್ಲೆಯ ಬುಡಕಟ್ಟುಗಳಾದ ಯರವ ಅಥವಾ ಜೇನುಕುರುಬ ಸಮುದಾಯದವರು ಒಬ್ಬರೂ ಇರಲಿಲ್ಲ. ಭಾನುವಾರ ಗೋಣಿಕೊಪ್ಪದ ಸಂತೆ. ವಾರದ ಕೂಲಿ ಕೈಗೆ ಬಂದು ಅಕ್ಕಿ, ಒಣಮೀನು ಕೊಳ್ಳುವ ದಿನ. ಅಂದು 150 ರೂಪಾಯಿ ತೆತ್ತು ಹಾಡಿಯಿಂದಲೋ ತೋಟದ ಕೂಲಿಯವರ ಲೈನ್ ಮನೆಯಿಂದಲೋ ಕಲ್ಯಾಣ ಮಂಟಪಕ್ಕೆ ಯಾರು ಬರುತ್ತಾರೆ? ಪ್ರಶ್ನೋತ್ತರದಲ್ಲಿ ನಾನು ಇದನ್ನೇ ಕೇಳಿದೆ. ವೇದಿಕೆಯಲ್ಲಿದ್ದ ತಜ್ಞರು ಒಪ್ಪಿಕೊಂಡರು. ಸಂಘಟಕರು ಮುಂದಿನ ಬಾರಿ ನೋಡೋಣ ಎಂದರು.

ಮುಂದಿನ ಕಾರ್ಯಕ್ರಮ ಕಾಫಿ ಕೊಯ್ಲು ಮುಗಿದ ಮೇಲೆ ಪೊನ್ನಂಪೇಟೆಯಲ್ಲಿ ಎಂದು ಪ್ರಕಟಿಸಿದ್ದಾರೆ. ಬೆಳಿಗ್ಗಿನ ಗೋಷ್ಠಿಗಳಿಗೆ ಹೋಗಬಹುದೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹೃದಯಾಘಾತದ ತಜ್ಞರು ಮತ್ತೆ ಬರುವುದಾದರೆ ನಾನೂ ಹೋಗುತ್ತೇನೆ, ನಮ್ಮ ತೋಟದ ರೈಟರನ್ನೂ ಕರೆದುಕೊಂಡು ಹೋಗುತ್ತೇನೆ. ತಪಾಸಣೆಯ ಸಾಲಿನಲ್ಲಿ ನಿಲ್ಲುವವರು ಕಾಫಿಯನ್ನು ಬಿಟ್ಟು, ಕುರ್ಚಿಯನ್ನು ಕೇಳಿ ಪಡೆದು, ಎರಡನೆಯ ಬಾರಿ ಅಳೆಯುವವರೆಗೆ ಏಳದಿರಲಿ. ಮೊಬೈಲ್ ಸಂಖ್ಯೆಯನ್ನು ಕೊಡುವುದು ಕಡ್ಡಾಯವಲ್ಲ. ನನಗೆ ಇಂದಿಗೂ ವಾರಕ್ಕೆ ಎರಡು ಬಾರಿ ಕರೆ ಬರುತ್ತಿದೆ. ಪ್ಯಾಕೇಜಿನ ಬೆಲೆ ಈಗ 3,999ಕ್ಕೆ ಇಳಿದಿದೆ.