ಉದ್ಯಾನದ ನಡಿಗೆ ದಾರಿ: ಪೇವರ್ ಬ್ಲಾಕೋ, ಗರಸೋ?

ಹುಬ್ಬಳ್ಳಿ-ಧಾರವಾಡದ ಬಡಾವಣೆಯ ಉದ್ಯಾನವನ್ನು ಸುಧಾರಿಸಲು ಹೊರಟ ನಿವಾಸಿಗಳ ಸಂಘ ಮೊದಲು ತೀರ್ಮಾನಿಸಬೇಕಾದದ್ದು ನಡಿಗೆ ದಾರಿಯ ವಿಷಯವನ್ನು. ಪೇವರ್ ಬ್ಲಾಕ್ ಹಾಸಿದ ದಾರಿ ಮಳೆಗಾಲದಲ್ಲಿ ಕೆಸರಾಗುವುದಿಲ್ಲ; ಗಾಲಿಕುರ್ಚಿಯವರೂ ಕೋಲೂರಿ ನಡೆಯುವ ಹಿರಿಯರೂ ಅದರ ಮೇಲೆ ನಿರಾತಂಕವಾಗಿ ಸಾಗಬಹುದು. ಆದರೆ ಸಿಮೆಂಟ್ ಬೆಡ್ಡಿನ ಮೇಲೆ ಕೂರಿಸಿದ ಬ್ಲಾಕ್ ನೀರನ್ನು ಇಂಗಗೊಡುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. 500 ಚದರ ಮೀಟರ್ ದಾರಿಯ ಮೇಲೆ 30 ಮಿ.ಮೀ. ಮಳೆ ಸುರಿದರೆ ಬೀಳುವ 15,000 ಲೀಟರಿನಲ್ಲಿ ಬಹುಪಾಲು ಗಟಾರದ ಪಾಲಾಗುತ್ತದೆ. ದೂರದ ಮಲಪ್ರಭೆಯಿಂದ ಕುಡಿಯುವ ನೀರು ತರಿಸಿಕೊಳ್ಳುವ ಅವಳಿ ನಗರಕ್ಕೆ ಇದು ಸಣ್ಣ ನಷ್ಟವಲ್ಲ.

ಗರಸು ಹಾಕಿ ರೋಲರ್ ಹೊಡೆದ ದಾರಿ ಅಗ್ಗ, ನೀರನ್ನೂ ತಕ್ಕಮಟ್ಟಿಗೆ ಇಂಗಿಸುತ್ತದೆ. ಆದರೆ ಕೊರೆತಕ್ಕೆ ಈಡಾಗುವುದರಿಂದ ಮಳೆಗಾಲ ಮುಗಿದ ಮೇಲೆ ದುರಸ್ತಿ ಬೇಕು.

ನಿಜವಾದ ವ್ಯತ್ಯಾಸ ತಿಳಿಯುವುದು ಮರದ ಬುಡದಲ್ಲಿ. ಹಳೆಯ ಬೇವಿನ ಕಾಂಡಕ್ಕೆ ತಾಗುವಂತೆ ಬ್ಲಾಕ್ ಜೋಡಿಸಿದರೆ ಬೇರು ದಪ್ಪವಾದಂತೆ ಬ್ಲಾಕುಗಳು ಮೇಲೇಳುತ್ತವೆ, ದಾರಿಯನ್ನು ಸಮಗೊಳಿಸಲು ಬೇರನ್ನೇ ಕಡಿಯುತ್ತಾರೆ, ಆಧಾರ ಕಳೆದುಕೊಂಡ ಮರ ಮುಂದಿನ ಬಿರುಗಾಳಿಗೆ ಉರುಳುವ ಅಪಾಯವಿರುತ್ತದೆ. ಇದನ್ನು ಖಂಡಿತ ತಡೆಯಬೇಕು. ಎರೆಮಣ್ಣಿನ ಜಾಗವಾದರೆ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ನೆಲದಲ್ಲಿ ಎರಡೂ ಬಗೆಯ ದಾರಿಗಳಿಗೆ ಗಟ್ಟಿಯಾದ ಕಲ್ಲಿನ ಅಡಿಪಾಯ ಅಗತ್ಯ.

ಗೇಟಿನಿಂದ ಬೆಂಚು ಮತ್ತು ಶೌಚಾಲಯದವರೆಗೆ ಮಾತ್ರ ಪೇವರ್, ಮರಗಳ ಸುತ್ತಲಿನ ಉಳಿದ ದಾರಿಗೆಲ್ಲ ಗರಸು ಎಂಬುದೇ ನನ್ನ ಸಲಹೆ.